ಕಲ್ಲಿನ ಮೇಲೆ ಉಳಿದ ಮುಲಾಮು

ಚರ್ಮದ ಡಾಕ್ಟರ ಷಾಪಿಗೆ ಆಯಾ ಕೆಲಸಕ್ಕೆ ಸೇರುವ ಹುಡುಗಿಗೆ ಮೊದಲ ದಿನ ಯಾರೂ ಏನೂ ಹೇಳಿಕೊಡುವುದಿಲ್ಲ. ಪೊರಕೆ ಎಲ್ಲಿದೆ, ನಲ್ಲಿ ಎಲ್ಲಿದೆ ಎಂದು ತೋರಿಸುತ್ತಾರೆ, ಅಷ್ಟೆ. ನನ್ನ ಮೊಮ್ಮಗಳ ಸ್ನೇಹಿತೆ ಒಬ್ಬಳು ಈಗ ಅಂಥ ಕೆಲಸಕ್ಕೆ ಹೊರಟಿದ್ದಾಳೆ. "ಅಜ್ಜಿ, ಅಷ್ಟು ವರ್ಷ ಮಾಡಿದ್ರಲ್ಲ, ನಾನು ಏನ್ ತಿಳ್ಕೊಂಡಿರ್ಬೇಕು?" ಎಂದು ಕೇಳಿದಳು. ಬಾಯಲ್ಲಿ ಹೇಳಿದರೆ ಇವರಿಗೆ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಆಚೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಚೆನ್ನಾಗಿ ಮಾಡಿದ ಕೆಲಸಗಳ ಪಟ್ಟಿ ಇಲ್ಲಿ ಸಿಗುವುದಿಲ್ಲ. ನನ್ನ ಕೈಯಿಂದ ಒಬ್ಬಳ ಮುಖ ಕೆಟ್ಟಿತು. ಅದು ಹೇಗೆ ಕೆಟ್ಟಿತು, ಹೇಗೆ ಸರಿಹೋಯಿತು ಎನ್ನುವುದನ್ನೇ ಹೇಳುತ್ತೇನೆ. ಅಷ್ಟು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ.

ನಮ್ಮೆಜಮಾನರು ಗಾರೆ ಕೆಲಸದವರು. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಾನು ಮನೆಯಿಂದ ಆಚೆ ಹೊರಟೆ. ಎಪ್ಪತ್ತರ ದಶಕದ ಮಾತು. ಆಗ ಇಟ್ಟಮಡು ಇನ್ನೂ ಹಳ್ಳಿಯೇ. ರಾಗಿ ಹೊಲದ ಬದುವಿನ ಮೇಲೆ ನಡೆದು ಬನಶಂಕರಿಗೆ ಬಂದು, ಬಸ್ಸು ಹಿಡಿದು, ಜಯನಗರದಲ್ಲಿ ಇಳಿಯಬೇಕಿತ್ತು. ಷಾಪು ಒಂದು ಮನೆಯ ಮುಂದಿನ ಎರಡು ಕೋಣೆ. ಒಳಗಿನದರಲ್ಲಿ ಡಾಕ್ಟರಮ್ಮ. ಹೊರಗಿನದರಲ್ಲಿ ಬೆಂಚು, ಕಾಂಪೌಂಡರ್ ಶ್ರೀಕಂಠಯ್ಯನವರು, ನಾನು.

ಡಾಕ್ಟರಮ್ಮ ಮಾತು ಕಡಿಮೆ, ಕಣ್ಣು ಜಾಸ್ತಿ. ಸೇರಿದ ವಾರದಲ್ಲೇ ನನಗೆ ಒಂದು ಪೆಟ್ಟು ಬಿತ್ತು. ಒಬ್ಬ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡು ಬಂದಿದ್ದಳು. ಸೆರಗು ತೆಗೆದಾಗ ನಾನು "ಅಯ್ಯಪ್ಪಾ" ಅಂದುಬಿಟ್ಟೆ. ಅವಳು ಹೋದ ಮೇಲೆ ಡಾಕ್ಟರಮ್ಮ ಕರೆದರು.

"ಜಯಮ್ಮ, ಇಲ್ಲಿಗೆ ಬರೋರು ಮನೇಲಿ ಕನ್ನಡಿ ನೋಡೋದು ಬಿಟ್ಟಿರ್ತಾರೆ. ನಿನ್ನ ಮುಖಾನೇ ಅವ್ರಿಗೆ ಕನ್ನಡಿ. ಇನ್ನೊಂದ್ಸಲ ಸಿಂಡರಿಸಿದ್ರೆ ಮನೆಗೆ ಹೋಗು."

ಅವತ್ತಿನಿಂದ ಯಾರು ಏನು ತೋರಿಸಿದರೂ ನನ್ನ ಮುಖ ಗೋಡೆಯ ಹಾಗೆ. ಮನೆಯಲ್ಲೂ ಹಾಗೇ ಆಗಿಹೋಯಿತು ಎಂದು ಮಕ್ಕಳು ಬೈಯುತ್ತಾರೆ. ಇರಲಿ.

ಮುಖ ಕೆಂಪಾಗುವ ಕಾಯಿಲೆಯ ಬಗ್ಗೆ ನನಗೆ ಮೊದಲು ಬುದ್ಧಿ ಬಂದದ್ದು ಅಡುಗೆ ಸುಬ್ಬಣ್ಣನವರಿಂದ. ಮದುವೆ ಮನೆಗಳಲ್ಲಿ ಅಡುಗೆ ಮಾಡುವವರು. ಮೂಗು, ಎರಡು ಕೆನ್ನೆ ಕೆಂಪು ಕೆಂಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದು, ಚರ್ಮದ ಕೆಳಗೆ ನೂಲಿನಂಥ ನರಗಳು ಕಾಣುತ್ತಿದ್ದವು. ಹೆಂಡತಿ ಅವರನ್ನು ಕಳ್ಳನನ್ನು ಹಿಡಿದು ತಂದ ಹಾಗೆ ತಂದು ಕೂರಿಸಿದರು.

"ಡಾಕ್ಟ್ರೇ, ಇವ್ರು ಕುಡೀತಾರೆ. ಒಪ್ಕೊಳ್ಳಲ್ಲ. ಬೀದಿಯೆಲ್ಲಾ ಮಾತಾಡತ್ತೆ. ನೀವೇ ಕೇಳಿ."

"ದೇವರಾಣೆ ಕಣೇ, ಕಾಫಿ ಬಿಟ್ರೆ ಬೇರೆ ಏನೂ ಮುಟ್ಟಿಲ್ಲ!"

ಡಾಕ್ಟರಮ್ಮ ಹೆಂಡದ ಮಾತೇ ಎತ್ತಲಿಲ್ಲ. "ಕಾಫಿ ಎಷ್ಟು ಬಿಸಿ ಕುಡೀತೀರಿ?" ಎಂದರು.

"ಕುದಿಯೋದು. ಆರಿದ್ರೆ ಅದು ಕಾಫಿನಾ?"

ದಿನಕ್ಕೆ ಹತ್ತು ಲೋಟ. ಅದರ ಮೇಲೆ ಸೌದೆ ಒಲೆಯ ಝಳ, ಬಿಸಿಲು, ಮೆಣಸಿನಕಾಯಿ ಬೋಂಡ. ಕೆಲವರ ಮುಖಕ್ಕೆ ಬಿಸಿ ತಾಗಿದರೆ ರಕ್ತ ನುಗ್ಗುತ್ತದೆ, ನುಗ್ಗಿದ್ದು ಬೇಗ ಇಳಿಯುವುದಿಲ್ಲ, ಹಾಗೆ ವರ್ಷಗಟ್ಟಲೆ ಆದರೆ ಕೆಂಪು ಅಲ್ಲೇ ನಿಂತುಬಿಡುತ್ತದೆ. ಅದಕ್ಕೂ ಕುಡಿತಕ್ಕೂ ಗಂಟು ಹಾಕಬೇಡಿ ಎಂದು ಹೆಂಡತಿಗೆ ಬಿಡಿಸಿ ಹೇಳಿದರು. ಒಲೆಯಿಂದ ಒಂದು ಮಾರು ದೂರ ನಿಲ್ಲಿ, ಒದ್ದೆ ಟವೆಲು ಹೆಗಲ ಮೇಲಿರಲಿ, ಕಾಫಿ ಆರಿಸಿ ಕುಡಿಯಿರಿ ಎಂದರು. ಸುಬ್ಬಣ್ಣನವರು ಬಾಗಿಲ ಹತ್ತಿರ ನಿಂತು, "ಆರಿದ ಕಾಫಿ ಕುಡಿಯೋದಕ್ಕಿಂತ ಹೆಂಡ ಕಲಿಯೋದೇ ವಾಸಿ" ಎಂದು ಗೊಣಗಿದರು. ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಮೆಟ್ಟಿಲು ತಪ್ಪಿದರು.

ಅವರು ಹೋದ ಮೇಲೆ ಡಾಕ್ಟರಮ್ಮ ಹೇಳಿದ ಮಾತನ್ನು ನೀನು ಗಟ್ಟಿ ಮಾಡಿಕೋ ಹುಡುಗಿ: "ಮುಖ ಕೆಂಪಾಗಿದ್ರೆ ಕಾಯಿಲೆ ಹೆಸರು ಹುಡುಕೋಕೆ ಮೊದ್ಲು, ಆ ಮುಖಕ್ಕೆ ದಿನಾ ಏನೇನು ತಾಗತ್ತೆ ಅಂತ ಕೇಳ್ಬೇಕು."

ನಾನು ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

ಈಗ ಕಲ್ಲಿನ ವಿಷಯ. ಆಗ ಮುಲಾಮು ಎಲ್ಲಾ ಟ್ಯೂಬಿನಲ್ಲಿ ಬರುತ್ತಿರಲಿಲ್ಲ. ಡಾಕ್ಟರು ಚೀಟಿ ಬರೆದರೆ ಕಾಂಪೌಂಡರು ಕಲಸಿ ಕೊಡಬೇಕು. ಶ್ರೀಕಂಠಯ್ಯನವರ ಮೇಜಿನ ಮೇಲೆ ಒಂದು ಬಿಳಿ ಅಮೃತಶಿಲೆಯ ಹಲಗೆ ಇತ್ತು. ಅದರ ಮೇಲೆ ಔಷಧಿ ಹಾಕಿ, ಎರಡು ಚಪ್ಪಟೆ ಚಾಕುವಿನಿಂದ ಈ ಕಡೆ ಆ ಕಡೆ ಎಳೆದು ಎಳೆದು ಬೆಣ್ಣೆಯ ಹಾಗೆ ನುಣ್ಣಗೆ ಮಾಡುತ್ತಿದ್ದರು. ಆಮೇಲೆ ಪುಟ್ಟ ಡಬ್ಬಿಗೆ ತುಂಬಿ ಕೊಡುತ್ತಿದ್ದರು. ಸಾಯಂಕಾಲ ಕಲ್ಲು ತೊಳೆಯುವುದು ನನ್ನ ಕೆಲಸ.

ರುಬ್ಬುವ ಕಲ್ಲಿನಲ್ಲಿ ಉಳಿದ ಹಿಟ್ಟನ್ನೂ ನೀರು ಹಾಕಿ ಬಳಿದು ಒಂದು ದೋಸೆ ಹೆಚ್ಚಿಗೆ ಹುಯ್ಯುವ ಹೆಂಗಸು ನಾನು. ಅಂಥವಳಿಗೆ ಆ ಬಿಳಿ ಮುಲಾಮನ್ನು ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ. ಒಂದು ಖಾಲಿ ಡಬ್ಬಿಗೆ ಬಳಿದುಕೊಂಡೆ. ದಿನಾ ಒಂದು ಉಗುರಿನಷ್ಟು. ಕದ್ದೆ ಅಂತ ಅನ್ನಿಸಲಿಲ್ಲ. ಎಸೆಯುವುದನ್ನು ಎತ್ತಿಕೊಂಡರೆ ಕಳ್ಳತನವೇ? ಅದರಲ್ಲಿ ಯಾವ ಯಾವ ಔಷಧಿ ಬೆರೆತಿದೆ ಎಂದು ಮಾತ್ರ ಯೋಚಿಸಲಿಲ್ಲ.

ನಮ್ಮ ಸಾಲುಮನೆಯಲ್ಲಿ ಅದು ಹೆಸರುವಾಸಿಯಾಯಿತು. ಪಾತ್ರೆ ತಿಕ್ಕಿ ಬಿರಿದ ಕೈಗೆ, ಸೊಳ್ಳೆ ಕಚ್ಚಿದ ಕಾಲಿಗೆ, ಎಲ್ಲದಕ್ಕೂ ಜಯಕ್ಕನ ಮುಲಾಮು. ಹಚ್ಚಿದ ಮಾರನೆಯ ದಿನ ಕೆರೆತ ಮಾಯ. "ನೀನೇ ಒಂದು ಷಾಪ್ ಇಡು" ಎನ್ನುತ್ತಿದ್ದರು. ನನಗೂ ಸ್ವಲ್ಪ ಕೊಂಬು ಬಂದಿತ್ತು.

ಪಕ್ಕದ ಮನೆಯಲ್ಲಿ ನಾಗರತ್ನ ಮತ್ತು ಅವಳ ಅತ್ತೆ ಚೆಲುವಮ್ಮ. ನಾಗರತ್ನನ ಗಂಡ ತೀರಿಕೊಂಡು ವರ್ಷವಾಗಿತ್ತು. ಪದ್ಮನಾಭನಗರದ ಒಂದು ನರ್ಸರಿ ಸ್ಕೂಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ ಸಿಕ್ಕಿತ್ತು. ಎರಡು ಹೊಟ್ಟೆ ತುಂಬುತ್ತಿದ್ದದ್ದು ಅದರಲ್ಲೇ. ಎಂಬತ್ತರ ದಶಕದ ಶುರು ಇರಬೇಕು. ಆಷಾಢದ ಗಾಳಿಗೆ ಅವಳ ಬಾಯಿಯ ಪಕ್ಕ ಚರ್ಮ ಒಣಗಿ ಬಿರಿಯಿತು. ನಾನೇ ಕರೆದು ಡಬ್ಬಿ ಕೊಟ್ಟೆ. ಮೂರು ದಿನಕ್ಕೆ ವಾಸಿಯಾಯಿತು. ಬಿಟ್ಟಳು. ನಾಲ್ಕು ದಿನಕ್ಕೆ ಅದೇ ಜಾಗ ಕೆಂಪಾಯಿತು. ಮತ್ತೆ ಹಚ್ಚಿದಳು, ಹೋಯಿತು. ಹೀಗೇ ಹಚ್ಚುತ್ತಾ ಹಚ್ಚುತ್ತಾ ದಸರಾ ಬಂತು. ಅಷ್ಟು ಹೊತ್ತಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಚ್ಚಿದರೂ ನಿಲ್ಲದಾಯಿತು. ಬಾಯಿ ಸುತ್ತ, ಗಲ್ಲ, ಮೂಗಿನ ಎರಡು ಪಕ್ಕ ರಾಗಿ ಕಾಳು ಅಂಟಿಸಿದ ಹಾಗೆ ಕೆಂಪು ಗುಳ್ಳೆ. ಕೆರೆತ ಅಲ್ಲ, ಉರಿ. ತುಟಿಗೆ ತಾಗಿದಂತೆ ದಾರದಷ್ಟು ಜಾಗ ಮಾತ್ರ ಬಿಟ್ಟಿತ್ತು.

ರಜ ಮುಗಿಸಿ ಸ್ಕೂಲಿಗೆ ಹೋದವಳು ಹತ್ತು ಗಂಟೆಗೆಲ್ಲಾ ವಾಪಸ್ಸು ಬಂದಳು. ಹೆಡ್ ಮಿಸ್ಸು ಬಾಗಿಲಲ್ಲೇ ತಡೆದಿದ್ದರು. ಮಕ್ಕಳಿಗೆ ಅಂಟಿದರೆ ತಾಯಂದಿರಿಗೆ ಏನು ಹೇಳಲಿ, ವಾಸಿಯಾದ ಮೇಲೆ ಬಾ ಎಂದರಂತೆ.

ಅವಳನ್ನು ನಾನೇ ಷಾಪಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಗಲ್ಲ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿದರು. ಎರಡು ನಿಮಿಷ ನೋಡಿದರು.

"ಏನು ಹಚ್ಕೋತಾ ಇದ್ದೀಯಮ್ಮ?"

ನಾಗರತ್ನ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ಏನಿಲ್ಲ ಡಾಕ್ಟ್ರೇ. ಅರಿಶಿನ."

"ಅರಿಶಿನ ಹೀಗೆ ಮಾಡಲ್ಲ. ಏನೋ ಬಲವಾದ ಮುಲಾಮು ಹಚ್ಚಿದ್ದೀಯ. ಯಾವ್ದು ಅಂತ ಗೊತ್ತಾಗ್ದೆ ನಾನು ಔಷಧಿ ಬರಿಯಲ್ಲ. ಮನೇಲಿ ಇರೋದನ್ನೆಲ್ಲ ತಗೊಂಡು ಬಾ."

ಇಬ್ಬರೂ ಬಸ್ಸು ಹತ್ತಿದೆವು. ಬನಶಂಕರಿಯಲ್ಲಿ ಇಳಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ನೀನೇ ಹೇಳ್ತೀಯ ಅಂತ ಕಾದೆ ಕಣಕ್ಕ."

"ನೀನ್ಯಾಕೆ ಹೇಳ್ಲಿಲ್ಲ?"

"ನಿನ್ ಕೆಲ್ಸ ಹೋಗುತ್ತಲ್ಲ. ನಂದಂತೂ ಹೋಯ್ತು. ಇಬ್ಬರದೂ ಹೋದ್ರೆ ಸಾಲ್ನಲ್ಲಿ ಒಲೆ ಹಚ್ಚೋರು ಯಾರು?"

ಬೈದಿದ್ದರೆ ನಾನೂ ಬೈದು ಸುಮ್ಮನಾಗುತ್ತಿದ್ದೆ. ಹಾಗೆ ಅಂದುಬಿಟ್ಟಳು. ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ.

"ಇದು ಕಲ್ಲಿನ ಮೇಲೆ ಉಳಿದದ್ದು. ನಾನು ಬಳ್ಕೊಂಡು ಹೋಗಿ ಕೊಟ್ಟೆ."

ಅವರು ಮುಚ್ಚಳ ತೆಗೆದರು, ಮೂಸಿದರು, ಮುಚ್ಚಿದರು. ಶ್ರೀಕಂಠಯ್ಯನವರನ್ನು ಕರೆದರು. ಆ ಮನುಷ್ಯ ಕನ್ನಡಕ ಒರೆಸಿಕೊಂಡು, "ನಾನು ತೊಳೀತಾಳೆ ಅಂದ್ಕೊಂಡಿದ್ದೆ" ಎಂದರು.

"ತೊಳೆಯೋದನ್ನ ನೋಡ್ಬೇಕಾದ್ದು ಯಾರು?"

ಶ್ರೀಕಂಠಯ್ಯನವರು ಕನ್ನಡಕವನ್ನು ಮತ್ತೆ ಒರೆಸಿದರು. ಅವರು ಆಚೆ ಹೋದ ಮೇಲೆ ನನ್ನ ಸರದಿ. ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇದರಲ್ಲಿ ಸ್ಟೀರಾಯ್ಡ್ ಇದೆ ಜಯಮ್ಮ. ಅಂಗಾಲು ಅಂಗೈ ದಪ್ಪ ಚರ್ಮಕ್ಕೆ, ಅದೂ ನಾನು ಲೆಕ್ಕ ಹಾಕಿ ಕೊಟ್ಟಷ್ಟೇ ದಿನ. ಮುಖಕ್ಕೆ ತಿಂಗಳುಗಟ್ಟಲೆ ಅಲ್ಲ. ಅಳೋ ಮಗೂಗೆ ಕೈಯಿಂದ ಬಾಯಿ ಮುಚ್ಚಿದ ಹಾಗೆ ಇದು. ಸದ್ದು ನಿಲ್ಲತ್ತೆ. ಅಳು ನಿಲ್ಲಲ್ಲ. ಕೈ ತೆಗೆದ್ರೆ ಇನ್ನೂ ಜೋರಾಗಿ ಅಳತ್ತೆ."

"ನಾನು ಇವತ್ತೇ ಕೆಲ್ಸ ಬಿಡ್ಲಾ?"

"ನಿನ್ನ ಕಳಿಸೋದು ನಂಗೆ ಸುಲಭ. ಆ ಮುಖ ನೋಡ್ಕೊಳ್ಳೋರು ಯಾರು? ದಿನಾ ಬೆಳಿಗ್ಗೆ ನೋಡಿ ನಂಗೆ ಬಂದು ಹೇಳ್ಬೇಕು. ಅವಳ ಮುಖ ಸರಿ ಹೋಗ್ಲಿ, ಆಮೇಲೆ ನಿನ್ನ ಕೆಲಸದ ಮಾತು."

ನಾಗರತ್ನನ ಕೆಲಸ, ನನ್ನ ಕೆಲಸ, ಎರಡೂ ಅವಳ ಗಲ್ಲದ ಮೇಲೆ ಬಂದು ಕೂತವು.

ಔಷಧಿ ಏನು ಕೊಟ್ಟರು ಎಂದು ಕೇಳುತ್ತೀಯ. ಹೆಚ್ಚಾಗಿ ಕೊಟ್ಟದ್ದು ಬೇಡಗಳನ್ನು. ಮುಲಾಮು ಬೇಡ. ಸೋಪು ಬೇಡ. ಅರಿಶಿನ, ಸ್ನೋ, ಪೌಡರು, ಕೊಬ್ಬರಿ ಎಣ್ಣೆ ಬೇಡ. ಬಿಸಿನೀರು ಬೇಡ. ಬರೀ ತಣ್ಣೀರು, ಮೆತ್ತಗಿನ ಬಟ್ಟೆಯಿಂದ ಒತ್ತಿಕೊಳ್ಳುವುದು, ಉಜ್ಜುವಂತಿಲ್ಲ. ಬಿಸಿಲಿಗೆ ಸೆರಗು. ಬಸುರಿಯಲ್ಲ ತಾನೇ ಎಂದು ಕೇಳಿ ಖಚಿತ ಮಾಡಿಕೊಂಡು ಒಂದು ಕ್ಯಾಪ್ಸೂಲ್ ಬರೆದರು. ಅದನ್ನು ನೀರಿನಲ್ಲೇ ನುಂಗಬೇಕು, ಹಾಲಿನ ಜೊತೆ ಕೂಡದು. ಇದು ಅಂಟುವ ಕಾಯಿಲೆ ಅಲ್ಲ ಎಂದು ಹೆಡ್ ಮಿಸ್ಸಿಗೆ ಕಾಗದವನ್ನೂ ಬರೆದುಕೊಟ್ಟರು. ಹೆಡ್ ಮಿಸ್ಸು ಕಾಗದ ಓದಿ, ಮಕ್ಕಳ ತಾಯಂದಿರು ಒಪ್ಪಬೇಕಲ್ಲ, ಸಂಕ್ರಾಂತಿವರೆಗೂ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ, ಹಬ್ಬ ಕಳೆದು ಸ್ಕೂಲು ಶುರುವಾದ ದಿನ ಮುಖ ಸರಿಯಿದ್ದರೆ ಬಾ, ಇಲ್ಲದಿದ್ದರೆ ಅವಳೇ ಖಾಯಂ ಎಂದರು.

"ಮೊದಲು ಜಾಸ್ತಿ ಆಗತ್ತೆ. ಹೆದರಬಾರದು" ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದ್ದು ಒಳ್ಳೆಯದಾಯಿತು. ಐದನೇ ದಿನ ಬೆಳಿಗ್ಗೆ ನೋಡುತ್ತೇನೆ, ಮುಖ ಊದಿ, ಕೆಂಪಗಾಗಿ, ಸುಟ್ಟ ಬದನೆಕಾಯಿ ಸಿಪ್ಪೆ ಸುಲಿದ ಹಾಗೆ. ನನ್ನ ಗೋಡೆ ಮುಖ ಅವತ್ತು ಕೆಲಸಕ್ಕೆ ಬಂತು.

"ಹೇಗಿದೆ ಅಕ್ಕ?"

"ಆಗ್ಬೇಕಾದ ಹಾಗೇ ಆಗ್ತಿದೆ."

"ಒಂದೇ ಒಂದು ಬೊಟ್ಟು ಕೊಡಕ್ಕ. ಉರಿ ತಡಿಯಕ್ಕಾಗಲ್ಲ. ನಿನ್ ಕಾಲಿಗೆ ಬೀಳ್ತೀನಿ."

"ಕಾಲಿಗೆ ಬೀಳು, ಬೇಡ ಅನ್ನಲ್ಲ. ಮುಲಾಮು ಮಾತ್ರ ಇಲ್ಲ."

ಒದ್ದೆ ಬಟ್ಟೆ ಮಡಿಸಿ ಕೊಟ್ಟೆ. ಗೋಡೆಯಲ್ಲಿ ನೇತುಹಾಕಿದ್ದ ಕನ್ನಡಿ ಬಿಚ್ಚಿ ನಮ್ಮ ಮನೆಗೆ ತಂದಿಟ್ಟೆ. ಚೆಲುವಮ್ಮ ಹೊಸಲಿನ ಮೇಲೆ ಕೂತು, "ಇದು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿ" ಎಂದು ಒಂದು ದಿನ, "ಯಾರದೋ ದೃಷ್ಟಿ" ಎಂದು ಇನ್ನೊಂದು ದಿನ. "ದೃಷ್ಟಿ ತೆಗೀರಿ, ಮೆಣಸಿನಕಾಯಿ ಸುಡೋದು ಮಾತ್ರ ಬೀದಿಯಲ್ಲಿ ಸುಡಿ. ಆ ಘಾಟು ಇವಳ ಮುಖಕ್ಕೆ ತಾಗಬಾರದು" ಎಂದೆ.

ಎರಡು ವಾರಕ್ಕೆ ಉರಿ ಇಳಿಯಿತು. ಮೂರನೇ ವಾರ ಇದ್ದಕ್ಕಿದ್ದ ಹಾಗೆ ಮುಖ ತಿಳಿಯಾಯಿತು. ನಾನು ಕುಣಿದುಕೊಂಡು ಹೋಗಿ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. "ಇಷ್ಟು ಬೇಗ ಆಗಲ್ಲ. ಯಾರೋ ಏನೋ ಹಚ್ಚಿದ್ದಾರೆ. ಹೋಗಿ ಹುಡುಕು."

ಸಂಜೆ ಹೋಗಿ ನಾಗರತ್ನನನ್ನು ಹಿಡಿದು ಕೇಳಿದೆ. ಅವಳು ಅತ್ತಳು. ಚೆಲುವಮ್ಮ ಬಂದು ಅಡ್ಡ ನಿಂತರು.

"ಅವಳ್ನ ಯಾಕೆ ಬಯ್ತೀಯ? ನಾನೇ ಹಚ್ದೆ. ಎರಡು ದಿನದಿಂದ. ಎಷ್ಟು ತಣ್ಣಗಾಯ್ತು ನೋಡು!"

"ಎಲ್ಲಿತ್ತು?"

"ಹೋದ ವರ್ಷ ನೀನೇ ಕೊಟ್ಟಿದ್ದಲ್ವಾ, ನನ್ನ ಕೈಗೆ. ರಾಗಿ ಡಬ್ಬದಲ್ಲಿ ಇಟ್ಟಿದ್ದೆ."

ನಾನೇ ಕೊಟ್ಟದ್ದು. ಯಾರನ್ನು ಬೈಯಲಿ? ಅವತ್ತೇ ಸಾಲಿನ ಒಂದೊಂದು ಮನೆಯ ಬಾಗಿಲು ತಟ್ಟಿದೆ. "ನಾನು ಕೊಟ್ಟ ಡಬ್ಬಿ ವಾಪಸ್ಸು ಕೊಡಿ." ಕೊಟ್ಟದ್ದನ್ನು ಕೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. "ಯಾಕೆ ಜಯಕ್ಕ, ದುಡ್ಡಿಗೆ ಮಾರ್ಬೇಕು ಅಂತ ಬುದ್ಧಿ ಬಂತಾ?" ಎಂದು ಒಬ್ಬಳು. "ಇದನ್ನ ಹಚ್ಚಿದ್ರೆ ನಾಗರತ್ನನ ಹಾಗೆ ಆಗುತ್ತೆ" ಎಂದ ತಕ್ಷಣ ಬಾಯಿ ಮುಚ್ಚಿ ತಂದುಕೊಟ್ಟಳು. ಮಡಿಲು ತುಂಬಾ ಡಬ್ಬಿ ಬಂತು. ಮಾರನೆಯ ದಿನ ಎಲ್ಲವನ್ನೂ ಶ್ರೀಕಂಠಯ್ಯನವರ ಮುಂದೆ ಸುರಿದೆ. ಅವರು ಒಂದೊಂದಾಗಿ ಎಣಿಸಲು ಹೊರಟು, ಅರ್ಧಕ್ಕೆ ಬಿಟ್ಟು, "ಶಿವ ಶಿವಾ, ನಾನು ಕಲಸಿದ್ದು ರೋಗಿಗಳಿಗೆ ಹೋಯ್ತೋ, ಎಲ್ಲಾ ಇಟ್ಟಮಡುಗೇ ಹೋಯ್ತೋ" ಎಂದರು.

ಮತ್ತೆ ಮೊದಲಿನಿಂದ. ಮತ್ತೆ ಊದಿತು, ಈ ಸಲ ಸ್ವಲ್ಪ ಕಡಿಮೆ. ಅವಳು ಧೈರ್ಯ ಕಳೆದುಕೊಂಡಳು. ಷಾಪಿಗೆ ತೋರಿಸಲು ಬಂದವಳು ಬೆಂಚಿನ ಮೂಲೆಯಲ್ಲಿ ಸೆರಗು ಮುಚ್ಚಿ ಕೂತಿದ್ದಳು. ಪಕ್ಕದಲ್ಲಿ ಸುಬ್ಬಣ್ಣನವರು. ಅವರು ಆಗಾಗ ಬರುತ್ತಿದ್ದರು. ಆ ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲ, ಅದರ ಜೊತೆ ಬಾಳುವುದು ಕಲಿಯಬೇಕು.

"ಏನಮ್ಮ, ನಿಂಗೂ ಕಾಫಿ ಬಿಡಿಸಿದ್ರಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಪುಣ್ಯವಂತೆ! ನನ್ನ ನೋಡು. ಸಾವಿರ ಜನಕ್ಕೆ ಹಬೆಯಾಡೋ ಕಾಫಿ ಕೊಟ್ಟು, ನಾನು ಮಾತ್ರ ಸತ್ತ ಕಾಫಿ ಕುಡೀತೀನಿ. ಆದ್ರೂ ಬೀದಿಯವರು ಕುಡುಕ ಅನ್ನೋದು ಬಿಟ್ರು. ನಿಂದು ಹೋಗೋ ಕಾಯಿಲೆ. ನಂದು ಇರೋ ಕಾಯಿಲೆ. ಬದ್ಲಾಯಿಸ್ಕೊಳ್ತೀಯಾ?"

ಸೆರಗಿನ ಒಳಗೆ ಅವಳು ನಕ್ಕದ್ದು ಕೇಳಿಸಿತು. ಎಷ್ಟೋ ವಾರದ ಮೇಲೆ. ಡಾಕ್ಟರ ಔಷಧಿ ಒಂದು ಕಡೆ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರ ಮಾತು ಇನ್ನೊಂದು ಕಡೆ. ಬೆಂಚಿನಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬೇಕು ಎನ್ನುವುದೂ ಆಯಾ ಕೆಲಸವೇ, ತಿಳಿದುಕೋ.

ಆಮೇಲೆ ನಿಧಾನವಾಗಿ ಇಳಿಯಿತು. ಮೂಗಿನ ಪಕ್ಕದ್ದು ಮೊದಲು ಹೋಯಿತು, ಗಲ್ಲದ್ದು ಕೊನೆಗೆ. ದಿನಾ ಬೆಳಿಗ್ಗೆ ಬಾಗಿಲ ಬೆಳಕಿಗೆ ನಿಲ್ಲಿಸಿ ನೋಡುತ್ತಿದ್ದೆ. ಕನ್ನಡಿ ಕೇಳಿದಳು, ಕೊಡಲಿಲ್ಲ. ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆಯ ಜೊತೆ ವಾಪಸ್ಸು ಕೊಟ್ಟೆ. ಅವಳು ಎಳ್ಳು ಬಿಟ್ಟು ಕನ್ನಡಿ ಎತ್ತಿಕೊಂಡಳು. ಮಸುಕಾಗಿ ಒಂದು ಕಲೆ ಇತ್ತು, ಅಷ್ಟೆ. ಆದರೆ ನಾನು ನೋಡುವುದು ಬೇರೆ, ಹೆಡ್ ಮಿಸ್ಸು ನೋಡುವುದು ಬೇರೆ.

ಸ್ಕೂಲು ಶುರುವಾದ ದಿನ ನಾನು ಡಾಕ್ಟರಮ್ಮನ ಹತ್ತಿರ ರಜ ಕೇಳಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ. ನಾಗರತ್ನ ಎಂಟೂವರೆಗೆ ಹೊರಟಳು. ನಾನು ಜಗಲಿಯ ಮೇಲೆ ಒಂದು ಬುಟ್ಟಿ ಸೊಗಡಿನ ಅವರೆಕಾಯಿ ಸುಲಿಯಲು ಕೂತೆ. ಹೋದ ಸಲ ವಾಪಸ್ಸು ಕಳಿಸಿದಾಗ ಹತ್ತಕ್ಕೆ ಬಂದಿದ್ದಳು. ಕಣ್ಣು ರಸ್ತೆ ಮೇಲೆ, ಕೈ ಕಾಯಿ ಮೇಲೆ. ಸಿಪ್ಪೆ ಪಾತ್ರೆಗೆ ಹಾಕಿ ಕಾಳು ಎಸೆದೆ ಎಂದು ಚೆಲುವಮ್ಮ ಬೈದರು. ಹತ್ತಾಯಿತು. ಬರಲಿಲ್ಲ. ಹನ್ನೊಂದಾಯಿತು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಬಂತು, ಸೊಪ್ಪಿನವಳು ಬಂದಳು. ಅವಳು ಬರಲಿಲ್ಲ. ಚೆಲುವಮ್ಮ ಮೆಲ್ಲಗೆ, "ಇನ್ನು ಬರಲ್ಲ ಅಲ್ವಾ?" ಎಂದರು. "ಸುಮ್ನಿರಿ" ಎಂದೆ. ಮಗಳು ಮನೆಗೆ ಬರಲಿ ಎಂದು ಕಾಯುವವರಿದ್ದಾರೆ. ನಾವಿಬ್ಬರೂ ಬರದಿರಲಿ ಎಂದು ಕಾದೆವು.

ಎರಡು ಗಂಟೆಗೆ ಅವಳು ತಿರುವಿನಲ್ಲಿ ಕಂಡಳು. ಸೆರಗು ಹೊದ್ದಿರಲಿಲ್ಲ. ಹತ್ತಿರ ಬಂದಾಗ ನಾನು ಎದ್ದು ನಿಂತೆ. ಬಲಗೆನ್ನೆಯ ಮೇಲೆ ಗಲ್ಲದವರೆಗೂ ಬೆಳ್ಳಗೆ ಬಳಿದುಕೊಂಡಿದ್ದಳು.

"ಏನೇ ಅದು? ಏನ್ ಹಚ್ಕೊಂಡೆ? ಯಾರ್ ಕೊಟ್ರು?"

ಅವಳು ಕೆನ್ನೆ ಮುಟ್ಟಿ ನೋಡಿಕೊಂಡು ಜೋರಾಗಿ ನಕ್ಕಳು.

"ಮೊಸರನ್ನ ಕಣಕ್ಕ. ಒಂದು ಮಗು ಊಟ ಮಾಡ್ತಾ ಮಾಡ್ತಾ ನಿದ್ದೆ ಹೋಯ್ತು. ಎತ್ಕೊಂಡೆ. ಕೈ ಎಲ್ಲಾ ನನ್ ಮುಖದ ಮೇಲೆ ಒರೆಸ್ತು."

ನಾನು ನಂಬಲಿಲ್ಲ. ಹಿಡಿದು ಕೂರಿಸಿದೆ. ಸೆರಗಿನ ತುದಿ ತಣ್ಣೀರಿನಲ್ಲಿ ಅದ್ದಿ, ಉಜ್ಜದೆ, ಒತ್ತಿ ಒತ್ತಿ ತೆಗೆದೆ. ಒಂದು ಅನ್ನದ ಅಗುಳು ಸೆರಗಿಗೆ ಅಂಟಿಕೊಂಡು ಬಂತು. ಬಾಗಿಲ ಬೆಳಕಿಗೆ ಗಲ್ಲ ತಿರುಗಿಸಿ ನೋಡಿದೆ. ಅಡಿಯಲ್ಲಿ ಗುಳ್ಳೆ ಇರಲಿಲ್ಲ, ಕೆಂಪು ಇರಲಿಲ್ಲ. ಬರೀ ಕೆನ್ನೆ.

ಮಾರನೆಯ ದಿನ ಡಾಕ್ಟರಮ್ಮನಿಗೆ ಅಷ್ಟೇ ಹೇಳಿದೆ. ಅವರು ತಲೆ ಎತ್ತದೆ ಬರೆಯುತ್ತಲೇ, "ಸರಿ. ಕಲ್ಲು ತೊಳೆದ್ಯಾ?" ಎಂದರು.

ತೊಳೆದಿದ್ದೆ. ಶ್ರೀಕಂಠಯ್ಯನವರು ಪಕ್ಕದಲ್ಲೇ ನಿಂತು ನೋಡಿದ್ದರು.